ಕಾರಿನ ಕುಲುಕಾಟ

ಕಾರು ಹೊರಡದಿದ್ದರೆ ಅದು ಕೆಟ್ಟಿದೆಯೆಂದು ಹೇಳಲು ಪಂಡಿತರು ಬೇಕಿಲ್ಲ. ಹೊರಟ ಕಾರು ನಿಲ್ಲದಿದ್ದರಂತೂ ಬೇಕೇ ಇಲ್ಲ. ಆದರೆ ಚೆನ್ನಾಗಿ ಹೊರಟು, ಚೆನ್ನಾಗಿಯೇ ಓಡಿ, ವೇಗ ತಗ್ಗಿಸುವಾಗ ಮಾತ್ರ ಮೊಂಡು ಹೋರಿಯಂತೆ ಜಗ್ಗಿ ಜಗ್ಗಿ ಕುಲುಕುವ ಕಾರಿನ ರೋಗವನ್ನು ಗುರುತಿಸುವುದು ಸುಲಭವಲ್ಲ. ಎಲ್ಲ ಪಾಠವನ್ನೂ ಒಪ್ಪಿಸಿ ಭಾಗಾಕಾರದಲ್ಲಿ ಮಾತ್ರ ತಡವರಿಸುವ ಹುಡುಗನ ಹಾಗೆ ಅದು. ದಡ್ಡನೆನ್ನುವಂತಿಲ್ಲ, ಜಾಣನೆಂದು ಬಿಟ್ಟುಬಿಡುವಂತೆಯೂ ಇಲ್ಲ.

ಇಂಥ ಕಾರೊಂದು ನನ್ನ ಸಹೋದ್ಯೋಗಿಯೊಬ್ಬರಲ್ಲಿತ್ತು. ಹಳೆಯದು, ಎರಡನೆಯ ಕೈಯಲ್ಲಿ ಕೊಂಡದ್ದು. ನಮ್ಮ ಹೇಮಾವತಿ ಒಂದು ಕಾಲದಲ್ಲಿ ನೊಳಂಬರ ರಾಜಧಾನಿ. ಶಾಸನಗಳಲ್ಲಿ ಬರುವ ಹೆಂಜೇರು ಇದೇ. ಆದರೂ ಇಂದು ಮೈಗೆ ದೊಡ್ಡ ಕಾಯಿಲೆ ಬಂದರೆ ಗಡಿ ದಾಟಿ ಶಿರಾ, ತುಮಕೂರುಗಳ ಕಡೆಗೆ ಹೋಗುವವರೇ ನಮ್ಮಲ್ಲಿ ಹಲವರು. ಸಹೋದ್ಯೋಗಿಗಳ ವೃದ್ಧ ತಾಯಿಯವರಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿತ್ತು. ತಿಂಗಳಿಗೊಮ್ಮೆ ಅವರನ್ನು ತುಮಕೂರಿಗೆ ಕರೆದೊಯ್ಯಬೇಕಿತ್ತು. ದಾರಿಯಲ್ಲಿ ಊರು ಊರಿಗೂ ಹಂಪುಗಳು. ಪ್ರತಿಯೊಂದು ಹಂಪಿನ ಮುಂದೆಯೂ ವೇಗ ತಗ್ಗಿಸಬೇಕು, ತಗ್ಗಿಸಿದಾಗಲೆಲ್ಲ ಕಾರು ಕುಲುಕಬೇಕು, ಆ ತಾಯಿ ಸೀಟಿನ ಅಂಚನ್ನು ಹಿಡಿದು ಹಲ್ಲು ಕಚ್ಚಬೇಕು. “ಎತ್ತಿನ ಗಾಡಿಯೇ ವಾಸಿ ಕಣಪ್ಪ” ಎಂದು ಅವರು ಒಮ್ಮೆ ನಕ್ಕು ನುಡಿದರಂತೆ. ಆ ನಗುವನ್ನು ಕೇಳಿದ ಮಗನಿಗೆ ನಿದ್ರೆ ಹತ್ತಲಿಲ್ಲ.

ರಿಪೇರಿಯವರು ಸುಮ್ಮನಿರಲಿಲ್ಲ. ಒಬ್ಬರು ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಾಯಿಸಿದರು. ಇನ್ನೊಬ್ಬರು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿನ ಮೇಲೆ ಅನುಮಾನಪಟ್ಟು ಅದನ್ನೂ ಹೊಸದಾಗಿ ಹಾಕಿದರು. ಮೂರನೆಯವರು ಕ್ಲಚ್ಚನ್ನು ಬಿಚ್ಚಬೇಕೆಂದರು. ಇವೆಲ್ಲವೂ ಕುಲುಕಾಟಕ್ಕೆ ಕಾರಣವಾಗಬಲ್ಲವೇ. ಆದ್ದರಿಂದ ಅವರನ್ನು ಅಜ್ಞಾನಿಗಳೆನ್ನಲಾಗದು. ಆದರೆ ಅವರ ಮಾತು “ಬದಲಾಯಿಸಿ ನೋಡೋಣ” ಎಂದಿತ್ತೇ ಹೊರತು “ಅಳೆದು ನೋಡೋಣ” ಎಂದಿರಲಿಲ್ಲ. ಈ ಎರಡು ಮಾತುಗಳ ನಡುವಣ ಅಂತರದಲ್ಲಿ ಒಬ್ಬ ಉಪಾಧ್ಯಾಯರ ಸಂಬಳ ಕರಗುವುದು ಕಷ್ಟವೇನಲ್ಲ.

ಕಡೆಗೆ ದೋಷವನ್ನು ಹಿಡಿದವನು ನಮ್ಮ ಶಾಲೆಯಲ್ಲಿಯೇ ಕನ್ನಡದಲ್ಲಿ ಓದಿ ಹೋದ ಹುಡುಗ. ಈಗ ಶಿರಾದ ಕಡೆ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ಸಹೋದ್ಯೋಗಿಗಳೊಡನೆ ನಾನೂ ಹೋಗಿದ್ದೆ. ಅವನು ಬಾನೆಟ್ಟನ್ನು ಎತ್ತುವ ಮೊದಲು ಪ್ರಶ್ನೆ ಕೇಳಿದನು.

“ಯಾವಾಗ ಕುಲುಕುತ್ತೆ ಮೇಷ್ಟ್ರೇ? ಬ್ರೇಕ್ ತುಳಿದಾಗಲೋ, ಬರೀ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗಲೋ?”

“ಕಾಲು ತೆಗೆದಾಗಲೇ.”

“ಕ್ಲಚ್ ಒತ್ತಿಬಿಟ್ಟರೆ?”

“ನಿಂತುಹೋಗುತ್ತೆ.”

“ಹಾಗಾದರೆ ಬ್ರೇಕಿನದಲ್ಲ, ಚಕ್ರದ್ದೂ ಅಲ್ಲ. ಎಂಜಿನ್ನೇ ಜಗ್ಗುತ್ತಿದೆ.”

ಎರಡೇ ಪ್ರಶ್ನೆಗಳಲ್ಲಿ ಅರ್ಧ ಕಾರು ಅನುಮಾನದಿಂದ ಪಾರಾಯಿತು.

ಮುಂದಿನದನ್ನು ಅವನು ವಿವರಿಸಿದ ಕ್ರಮವನ್ನು ವಾಚಕರಿಗೆ ಒಪ್ಪಿಸುತ್ತೇನೆ. ಹಿಂದಿನ ಕಾರುಗಳಲ್ಲಿ ಗಾಳಿಗೆ ಪೆಟ್ರೋಲನ್ನು ಬೆರೆಸುತ್ತಿದ್ದದ್ದು ಕಾರ್ಬ್ಯುರೇಟರು. 2000ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ಹೊಗೆಯ ಕಟ್ಟುಪಾಡುಗಳು ಬಿಗಿಯಾದ ಮೇಲೆ ಅದು ಕಾರುಗಳಿಂದ ಕ್ರಮೇಣ ಮರೆಯಾಯಿತು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಕೆಲಸ ಒಂದು ಪುಟ್ಟ ಗಣಕದ ಪಾಲಿಗೆ ಬಂತು. ನಾವು ಕಾಲಿನಿಂದ ಒತ್ತಿದಾಗ ತೆರೆಯುವುದು ಗಾಳಿಯ ಬಾಗಿಲು ಮಾತ್ರ. ಅದರ ಹೆಸರು ಥ್ರಾಟಲ್. ಬಾಗಿಲು ಎಷ್ಟು ತೆರೆದಿದೆಯೆಂಬುದನ್ನು ಗಣಕ ಕಣ್ಣಾರೆ ಕಾಣದು. ಬಾಗಿಲ ಬಳಿ ನಿಂತ ದೂತನೊಬ್ಬ ವರದಿ ಮಾಡಬೇಕು. ಆ ದೂತನೇ ಥ್ರಾಟಲ್ ಸೆನ್ಸರ್.

“ಹಳೇ ರೇಡಿಯೋದಲ್ಲಿ ಸೌಂಡ್ ಜಾಸ್ತಿ ಮಾಡೋ ತಿರುಪು ಇರುತ್ತಲ್ಲ ಮೇಷ್ಟ್ರೇ, ಇದೂ ಅದೇ ಜಾತಿ” ಎಂದನು. ಅದು ನಿಜ. ಇಂಗಾಲ ಲೇಪಿಸಿದ ಒಂದು ಪಟ್ಟಿ. ಅದರ ಮೇಲೆ ಉಜ್ಜುತ್ತ ಸರಿಯುವ ಒಂದು ಲೋಹದ ನಾಲಗೆ. ಪಟ್ಟಿಗೆ 5 ವೋಲ್ಟ್ ಕೊಟ್ಟಿರುತ್ತಾರೆ. ಬಾಗಿಲು ಮುಚ್ಚಿರುವಾಗ ನಾಲಗೆಯಲ್ಲಿ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ ಸುಮಾರು ನಾಲ್ಕೂವರೆ ವೋಲ್ಟ್ ದೊರೆಯುತ್ತದೆ. ಬಹುಕಾಲ ತಿರುಗಿಸಿದ ರೇಡಿಯೋದ ತಿರುಪು ಒಂದು ಜಾಗದಲ್ಲಿ ಸವೆದು ಕರಕರನೆ ಸದ್ದು ಮಾಡುವಂತೆ ಈ ಪಟ್ಟಿಯೂ ಸವೆಯುತ್ತದೆ. ಸವೆಯುವುದು ಹೆಚ್ಚಾಗಿ ಬಾಗಿಲು ಸ್ವಲ್ಪವೇ ತೆರೆದಿರುವ ಭಾಗದಲ್ಲಿ. ಏಕೆಂದರೆ ದಿನನಿತ್ಯದ ಓಡಾಟವೆಲ್ಲ ಅಲ್ಲಿಯೇ ನಡೆಯುವುದು.

ಕುಲುಕಾಟದ ಗುಟ್ಟೂ ಇಲ್ಲಿಯೇ ಇದೆ. ಓಡುವ ಕಾರಿನಲ್ಲಿ ಕಾಲು ತೆಗೆದೊಡನೆ “ಬಾಗಿಲು ಮುಚ್ಚಿದೆ” ಎಂಬ ವರದಿ ಬರುತ್ತದೆ. ಗಣಕವು ಉಳಿತಾಯಕ್ಕಾಗಿ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಎಂಜಿನ್ನಿನ ಸುತ್ತು ತೀರ ಇಳಿದಾಗ ಮತ್ತೆ ಕೊಡುತ್ತದೆ. ದೂತ ಸತ್ಯವಂತನಾಗಿದ್ದರೆ ಇದು ನಮ್ಮ ಅರಿವಿಗೇ ಬಾರದು. ಆದರೆ ಸವೆದ ಜಾಗದಲ್ಲಿ ನಾಲಗೆ ತೊದಲಿ “ಮುಚ್ಚಿದೆ, ತೆರೆದಿದೆ, ಮುಚ್ಚಿದೆ” ಎಂದರೆ ಪೆಟ್ರೋಲು ನಿಲ್ಲುತ್ತದೆ, ಬರುತ್ತದೆ, ನಿಲ್ಲುತ್ತದೆ. ಒಂದೊಂದು ಸಲಕ್ಕೂ ಒಂದೊಂದು ಜಗ್ಗು. ಗಣಕದ ಬುದ್ಧಿಯೂ ಸರಿ, ಎಂಜಿನ್ನಿನ ತೋಳೂ ಸರಿ. ನಡುವಣ ಸುದ್ದಿ ಮಾತ್ರ ಸುಳ್ಳು.

ಹಾಗಾದರೆ ಎಚ್ಚರಿಕೆಯ ದೀಪವೇಕೆ ಹೊತ್ತಲಿಲ್ಲ? ವೋಲ್ಟೇಜು ಮಿತಿಯನ್ನು ಮೀರಿ ಅಲ್ಲಿಯೇ ನಿಂತರೆ ಗಣಕ ಅದನ್ನು ದೋಷವೆಂದು ಬರೆದುಕೊಳ್ಳುತ್ತದೆ. ಕ್ಷಣಮಾತ್ರ ತಪ್ಪಿ ಮತ್ತೆ ಮಿತಿಯೊಳಗೆ ಬಂದುಬಿಟ್ಟರೆ ಅದನ್ನು ನಂಬಿಬಿಡುವುದೂ ಉಂಟು. ಹಸಿ ಸುಳ್ಳು ಬೇಗ ಸಿಕ್ಕಿಬೀಳುತ್ತದೆ; ನಂಬಲರ್ಹವಾದ ಸುಳ್ಳು ಸಿಕ್ಕಿಬೀಳುವುದಿಲ್ಲ.

ಹುಡುಗನು ಮೊದಲು ತಂತಿಯ ಜೋಡಣೆಯನ್ನು ಅಲುಗಿಸಿ ಪರೀಕ್ಷಿಸಿದನು. ಗಾಳಿಯ ಕೊಳವೆಗಳಲ್ಲಿ ಬಿರುಕುಂಟೇ ಎಂದು ನೋಡಿದನು. ಬಾಗಿಲಿಗೆ ಹಿಡಿದ ಮಸಿಯನ್ನು ಒರೆಸಿದನು. ಆಮೇಲೆ ಎಂಜಿನ್ ನಿಲ್ಲಿಸಿ, ಕೀಲಿಯನ್ನು ಮಾತ್ರ ತಿರುಗಿಸಿಟ್ಟು, ಸೆನ್ಸರಿನ ವರದಿಯ ತಂತಿಗೆ ಮುಳ್ಳಿನ ಮೀಟರನ್ನು ಹಚ್ಚಿದನು. ಅಂಕಿ ತೋರಿಸುವ ಮೀಟರಿನಲ್ಲಿ ಕ್ಷಣದ ಕುಸಿತ ಕಣ್ತಪ್ಪಿಹೋಗಬಹುದು. ಮುಳ್ಳಾದರೆ ನಡುಗಿ ತೋರಿಸುತ್ತದೆ. ಥ್ರಾಟಲನ್ನು ಕೈಯಿಂದ ಬಹು ನಿಧಾನವಾಗಿ ತೆರೆದನು. ಮುಳ್ಳು ಮೇಲೇರಿತು, ತಟಕ್ಕನೆ ಕೆಳಗೆ ಬಿತ್ತು, ಮತ್ತೆ ಎದ್ದು ಸಲೀಸಾಗಿ ಕೊನೆಯವರೆಗೆ ಹೋಯಿತು. ಮೂರು ಸಲ ಮಾಡಿದನು. ಮೂರು ಸಲವೂ ಅದೇ ಜಾಗದಲ್ಲಿ ಬಿತ್ತು. ಹೊಸ ಸೆನ್ಸರು ಹಾಕಿದ ಮೇಲೆ ಬೀಳಲಿಲ್ಲ; ಕಾರೂ ಕುಲುಕಲಿಲ್ಲ.

ಹುಡುಗನ ವಿದ್ಯೆಯಷ್ಟೇ ಅವನ ಭಾಷೆಯೂ ನನ್ನನ್ನು ಯೋಚನೆಗೆ ಹಚ್ಚಿತು. 1953ರಲ್ಲಿ ಆಂಧ್ರ ರಾಜ್ಯವಾದಂದಿನಿಂದ ಮಡಕಶಿರಾ ಸೀಮೆಯ ನಾವು ಮನೆಗೆ ಕನ್ನಡ, ಕಚೇರಿಗೆ ತೆಲುಗು, ಉದ್ಯೋಗಕ್ಕೆ ಇಂಗ್ಲಿಷ್ ಎಂಬ ಮೂರು ದಡಗಳ ನಡುವೆ ಇದ್ದೇವೆ. “ಕನ್ನಡದಲ್ಲಿ ಓದಿದರೆ ಯಂತ್ರ ತಿಳಿದೀತೇ?” ಎಂದು ಕೇಳುವ ತಂದೆತಾಯಿಗಳಿಗೆ ಉತ್ತರ ಹೇಳುವುದು ನಮ್ಮ ನಿತ್ಯದ ಕೆಲಸ. ಸೆನ್ಸರ್, ಥ್ರಾಟಲ್ ಎಂಬ ಹೆಸರುಗಳನ್ನು ಆ ಹುಡುಗ ಶೆಡ್ಡಿನಲ್ಲಿ ಕಲಿತನು. ಆದರೆ “ಯಾವಾಗ? ಇದಲ್ಲದಿದ್ದರೆ ಯಾವುದು?” ಎಂಬ ಪ್ರಶ್ನೆಗಳು ಅವನಲ್ಲಿ ಹುಟ್ಟಿದ್ದು ಕನ್ನಡದಲ್ಲಿಯೇ. ಹೆಸರುಗಳನ್ನು ಯಾವ ಭಾಷೆಯಿಂದಲೂ ಎರವು ತರಬಹುದು. ವಿಚಾರ ಮಾಡುವ ಕ್ರಮವನ್ನು ಎರವು ತರುವುದು ಕಷ್ಟ.

ಈಚಿನ ಕಾರುಗಳ ಥ್ರಾಟಲ್‌ಗೆ ಇಬ್ಬರು ದೂತರನ್ನು ಇಟ್ಟಿರುತ್ತಾರೆ. ಇಬ್ಬರ ಮಾತೂ ತಾಳೆಯಾಗದಿದ್ದರೆ ಗಣಕ ಕೂಡಲೇ ಎಚ್ಚರಗೊಳ್ಳುತ್ತದೆ. ಉಪಾಧ್ಯಾಯರಿಗೂ ಇದು ಒಪ್ಪುವ ಏರ್ಪಾಡು. ಪರೀಕ್ಷೆಯ ಅಂಕ ಒಬ್ಬ ದೂತ. ಅವನೊಬ್ಬನ ವರದಿಯನ್ನು ನಂಬಿ ಮಗುವಿಗೆ ಬುದ್ಧಿಯಿಲ್ಲವೆಂದು ಬರೆಯುವ ಮುನ್ನ, ಪಕ್ಕದಲ್ಲಿ ಕುಳಿತು ಲೆಕ್ಕವನ್ನು ನಿಧಾನವಾಗಿ, ಒಂದೊಂದೇ ಮೆಟ್ಟಿಲಾಗಿ ಮಾಡಿಸಿ, ಮುಳ್ಳು ಎಲ್ಲಿ ಬೀಳುತ್ತದೆಂದು ನೋಡುವುದು ಲೇಸು. ಹಲವು ವೇಳೆ ಸವೆದಿರುವುದು ಒಂದೇ ಒಂದು ಜಾಗ.