ಹೊಸ್ತಿಲಾಚೆ ಉಳಿದ ಅಟ್ಟೆ

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದೊಡನೆ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗುತ್ತದಲ್ಲ, ಅದಕ್ಕೆ ನಮ್ಮ ಕೊಪ್ಪದಲ್ಲಿ ಮನೆಗೊಂದು ಮದ್ದಿದೆ. ಇಟ್ಟಿಗೆ ಕಾಯಿಸು, ಮೇಲೆ ಎಕ್ಕದ ಎಲೆ ಹಾಸು, ಹಿಮ್ಮಡಿ ಊರು. ಮೂವತ್ತು ವರ್ಷ ಕರಿಹಲಗೆ ಮುಂದೆ ನಿಂತ ಕಾಲು ನನ್ನದು. ಒಂದು ತಿಂಗಳು ಇಟ್ಟಿಗೆ ಮೇಲೂ ನಿಂತೆ. ನೋವು ಹೋಗಲಿಲ್ಲ, ಹಿತ್ತಲಿನ ಎಕ್ಕದ ಗಿಡ ಬೋಳಾಯಿತು.

ಸೇತುವೆ ದಾಟಿ ಕುಶಾಲನಗರಕ್ಕೆ ಚಪ್ಪಲಿ ಹೊಲಿಸಲು ಹೋದಾಗ, ಹೊಲಿಯುವವನು ನನ್ನ ಮುಖ ನೋಡಲೇ ಇಲ್ಲ. ಅಟ್ಟೆ ತಿರುವಿ ಹಾಕಿ, “ಮೇಷ್ಟ್ರೇ, ಬಲಗಾಲು ಒಳಕ್ಕೆ ವಾಲ್ತದೆ ನಿಮ್ಗೆ, ನೋಡಿ ಇಲ್ಲೇ ಸವೆದದೆ” ಅಂದ. ಆಮೇಲೆ ಮೈಸೂರಿನಲ್ಲಿ ಡಾಕ್ಟರು ಹೇಳಿದ್ದೂ ಅದನ್ನೇ. ಫೀಸು ಮಾತ್ರ ಬೇರೆ.

ಒಂದೊಂದು ಪಾದದಲ್ಲಿ 26 ಮೂಳೆ. ಅವೆಲ್ಲ ಸೇರಿ ಬಿಲ್ಲಿನಂತೆ ಬಾಗಿವೆ. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಎಳೆದ ಗಟ್ಟಿ ನಾರಿನ ಪಟ್ಟಿಯೇ ಆ ಬಿಲ್ಲಿನ ಹೆದೆ. ಹೆಬ್ಬೆರಳು ಮೇಲೆದ್ದರೆ ರಾಟೆಗೆ ಹಗ್ಗ ಸುತ್ತಿದಂತೆ ಹೆದೆ ಬಿಗಿದು ಕಮಾನು ಏಳುತ್ತದೆ ಎಂದು 1954ರಲ್ಲೇ ಹಿಕ್ಸ್ ಎಂಬಾತ ವಿವರಿಸಿದ್ದ. ರಾತ್ರಿಯೆಲ್ಲ ಮುದುಡಿ ಮಲಗಿದ್ದ ಹೆದೆಯನ್ನು ಬೆಳಿಗ್ಗೆ ತಟ್ಟನೆ ಎಳೆದರೆ ಅದು ಸುಮ್ಮನಿದ್ದೀತೇ?

ಮೈಸೂರಿನಲ್ಲಿ ಮೆತ್ತನೆಯ ಫೋಮ್ ತುಂಬಿದ ಡಬ್ಬಿಯೊಳಗೆ ಕಾಲಿಡಿಸಿದರು. ಕೆಸರುಗದ್ದೆಯ ಬದುವಿನ ಮೇಲೆ ಹೆಜ್ಜೆ ಮೂಡಿದ ಹಾಗೆ ನನ್ನ ಪಾದ ಮೂಡಿತು. ಆ ಗುಳಿಗೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದು, ಕಾಯಿಸಿದ ಹಾಳೆಯನ್ನು ಅಚ್ಚಿಗೆ ಒತ್ತಿ, ಉಜ್ಜಿ, ನನ್ನದೇ ಅಳತೆಯ ಒಳಅಟ್ಟೆ ಮಾಡಿಕೊಟ್ಟರು. ಆ ದುಡ್ಡಿಗೆ ಮೂರು ಜೊತೆ ಶೂ ಬರುತ್ತಿತ್ತು. ಮನೆಯಾಕೆ ಕೇಳಿದ್ದು ಒಂದೇ ಮಾತು: “ಎಕ್ಕದ್ದು ಮುಗೀತು, ಈಗ ಎಕ್ಕಡದ್ದು ಶುರುವಾಯ್ತಾ?”

ಕಾಲಿನ ಅಳತೆಗೆ ಮೆಟ್ಟು ಮಾಡುವುದು ನಮಗೇನು ಹೊಸದೇ? ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲೇ ಬಸವಣ್ಣನಿಗೆ ಚಮ್ಮಾವುಗೆ ಹೊಲಿದರೆಂಬ ಕಥೆಯನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಬಸವಣ್ಣ ಅದನ್ನು ಮೆಟ್ಟಲೇ ಇಲ್ಲ. ನಾನು ಮೆಟ್ಟಿದೆ.

ಗುಣವಾಯಿತೇ? ಸ್ವಲ್ಪ. ಹಾಳಾದ ಓದುವ ಚಟ, 2006ರಲ್ಲಿ ಆಸ್ಟ್ರೇಲಿಯಾದವರು 135 ಜನ ಹಿಮ್ಮಡಿ ನೋವಿನವರ ಮೇಲೆ ನಡೆಸಿದ ಪರೀಕ್ಷೆ ಆಮೇಲೆ ಕಣ್ಣಿಗೆ ಬಿತ್ತು. ಕೆಲವರಿಗೆ ಅಳತೆಯದು, ಕೆಲವರಿಗೆ ಅಂಗಡಿಯ ಸಿದ್ಧ ಅಟ್ಟೆ, ಉಳಿದವರಿಗೆ ಸುಳ್ಳೇ ಒಂದು ಮೆತ್ತೆ. ಮೂರು ತಿಂಗಳಿಗೆ ಮೊದಲೆರಡು ಗುಂಪಿನವರ ಓಡಾಟ ಒಂದಿಷ್ಟು ಸಲೀಸಾಗಿತ್ತು; ವರ್ಷಕ್ಕೆ ಮೂರೂ ಗುಂಪು ಒಂದೇ. ಸಿದ್ಧ ಅಟ್ಟೆಗಿಂತ ಅಳತೆಯದು ಮೇಲೆಂದೂ ಕಾಣಲಿಲ್ಲವಂತೆ. ಹೊಟ್ಟೆ ಉರಿಯಿತು. ಹಾಗೆಂದು ಅಳತೆಯನ್ನೇ ಅಲ್ಲಗಳೆಯುವವನಲ್ಲ ನಾನು. ಸಕ್ಕರೆ ಕಾಯಿಲೆಯಿಂದಲೋ ಕುಷ್ಠದಿಂದಲೋ ಪಾದ ಮರಗಟ್ಟಿ ಆಕಾರ ಕೆಟ್ಟವರಿಗೆ, ಭಾರ ಒಂದೇ ಕಡೆ ಬಿದ್ದು ಹುಣ್ಣಾಗದಂತೆ ಕಾಯುವುದು ಇಂಥ ಅಟ್ಟೆಯೇ. ನನ್ನಂಥವನು ಮೊದಲು ಸಿದ್ಧ ಅಟ್ಟೆ ಕೊಂಡು, ಹೆಬ್ಬೆರಳು ಹಿಡಿದು ಹಿಂದಕ್ಕೆಳೆಯುವ ವ್ಯಾಯಾಮವನ್ನು ಹಾಸಿಗೆಯಲ್ಲೇ ಮಾಡಿದ್ದರೆ ಸಾಕಿತ್ತೋ ಏನೋ.

ಅಸಲು ತಕರಾರು ಬೇರೆಯದು. ಈ ಅಟ್ಟೆ ಕೂರುವುದು ಶೂ ಒಳಗೆ. ನಮ್ಮದು ಬಾಗಿಲು ಬಾಗಿಲಿಗೂ ಮೆಟ್ಟು ಕಳಚುವ ಊರು. ಬೀಗರ ಮನೆಯಲ್ಲಿ ಹೊರಗೆ, ಗುಡಿಯಲ್ಲಿ ಹೊರಗೆ. ಮೊನ್ನೆ ಮೊಮ್ಮಗಳೊಂದಿಗೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋದಾಗಲೂ ಹೊರಗೇ. ಎದುರಿಗೆ ಅಷ್ಟೆತ್ತರದ ಚಿನ್ನದ ಬುದ್ಧ ಕೂತಿದ್ದಾನೆ, ನನ್ನ ಜೀವ ಮಾತ್ರ ಶೂ ಬಿಟ್ಟ ಜಾಗದಲ್ಲಿ. “ತಾತ, ಬುದ್ಧನ ಕಡೆ ನೋಡು” ಎಂದು ಅವಳು ಗದರಿದಳು.

ಮನೆಯಲ್ಲಂತೂ ಟೈಲ್ಸ್ ಹಾಕಿಸಿದಂದಿನಿಂದ ನೆಲ ಕಲ್ಲುಬಂಡೆ. ಕೊನೆಗೆ ಕುಶಾಲನಗರದವನೇ ಹಿಂಬಾರಿನ ಚಪ್ಪಲಿಯೊಂದರಲ್ಲಿ ಗುಳಿ ತೋಡಿ ಅಟ್ಟೆಯನ್ನು ಕೂರಿಸಿಕೊಟ್ಟ, ಮನೆಯೊಳಗೆ ಹಾಕಲು. ನಡುಮನೆಯವರೆಗೆ ಅಮ್ಮ ಹೇಗೋ ಒಪ್ಪಿದಳು. ಅಡುಗೆಮನೆ ಹೊಸ್ತಿಲ ಹತ್ತಿರ ಅವಳು ಕೆಮ್ಮುತ್ತಾಳೆ. ಎಂಬತ್ತಾರರ ಆ ಕೆಮ್ಮಿಗೆ ಅರ್ಥ ಹೇಳಬೇಕಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು, ಒಲೆಯವರೆಗಿನ ಆರು ಹೆಜ್ಜೆ ಕುಂಟಿಕೊಂಡೇ ಹೋಗಿ ಇಬ್ಬರಿಗೂ ಕಾಫಿ ಬಗ್ಗಿಸಿ ತರುತ್ತೇನೆ.