ಕೈಕೊಟ್ಟ ತೇಜಸ್, ಕೈಬಿಡದ ವರುಣ್ ಸಿಂಗ್

ಮೊದಲು ಹೋಗಿದ್ದು ಕಾಕ್‌ಪಿಟ್‌ನೊಳಗಿನ ಗಾಳಿಯ ಒತ್ತಡ. 2020ರ ಅಕ್ಟೋಬರ್ 12. ತೇಜಸ್ ಯುದ್ಧವಿಮಾನ ಬಲು ಎತ್ತರದಲ್ಲಿತ್ತು. ಒತ್ತಡದ ವ್ಯವಸ್ಥೆ, ಹಾರಾಟ ನಿಯಂತ್ರಣ ವ್ಯವಸ್ಥೆ ಎರಡಕ್ಕೂ ದೊಡ್ಡ ರಿಪೇರಿ ಆಗಿತ್ತು. ಅದು ಸರಿಹೋಗಿದೆಯೇ ಎಂದು ನೋಡಲೆಂದೇ ವಾಯುಪಡೆಯ ವಿಂಗ್ ಕಮಾಂಡರ್ ವರುಣ್ ಸಿಂಗ್ ಹಾರಿದ್ದರು. ದೋಷ ಗೊತ್ತಾದದ್ದೇ ತಡ, ಕೆಳಗಿಳಿಯತೊಡಗಿದರು.

ಇಳಿಯುತ್ತಿದ್ದಂತೆ ಹಾರಾಟ ನಿಯಂತ್ರಣವೂ ಕೈಕೊಟ್ಟಿತು!

ತೇಜಸ್ ತನ್ನಷ್ಟಕ್ಕೆ ನೆಟ್ಟಗೆ ಹಾರುವ ವಿಮಾನವೇ ಅಲ್ಲ. ಚುರುಕಾಗಿ ತಿರುಗಲೆಂದು ಬೇಕಂತಲೇ ಅಸ್ಥಿರವಾಗಿ ಕಟ್ಟಿದ್ದಾರೆ; ಅಂಗೈ ಮೇಲೆ ನಿಲ್ಲಿಸಿದ ಕೋಲಿನ ಹಾಗೆ. ಬೀಳದಂತೆ ಕ್ಷಣಕ್ಷಣವೂ ತಿದ್ದುವುದು ಕಂಪ್ಯೂಟರ್. ಪೈಲಟ್ ಸ್ಟಿಕ್ ಎಳೆದರೂ ಆಜ್ಞೆ ರೆಕ್ಕೆಗೆ ತಲುಪುವುದು ಅದರ ಮೂಲಕವೇ. ಈ ನಿಯಂತ್ರಣ ವ್ಯವಸ್ಥೆಗೆ ಕೊಡುತ್ತಿದ್ದ ನೆರವನ್ನು 1998ರ ಪೋಖ್ರಾನ್ ಅಣುಸ್ಫೋಟದ ಬಳಿಕ ಅಮೆರಿಕ ನಿಲ್ಲಿಸಿತು. ಬೆಂಗಳೂರಿನ ಎಂಜಿನಿಯರುಗಳು ಛಲಬಿಡದೆ ಕೆಲಸ ಮುಗಿಸಿ, 2001ರ ಜನವರಿ 4ರಂದು ಅಲ್ಲಿಂದಲೇ ಮೊದಲ ವಿಮಾನ ಹಾರಿಸಿದರು.

ಕಂಪ್ಯೂಟರ್ ಕೈಕೊಡುವುದರಿಂದ ಅಮೆರಿಕದವರೇನೂ ಪಾರಾದವರಲ್ಲ. 2007ರ ಫೆಬ್ರವರಿಯಲ್ಲಿ ಅವರ ಎಫ್-22 ಯುದ್ಧವಿಮಾನಗಳು ಪೆಸಿಫಿಕ್ ಮೇಲೆ ಅಂತಾರಾಷ್ಟ್ರೀಯ ದಿನರೇಖೆ ದಾಟಿದ್ದೇ ತಡ, ದಿಕ್ಕು ತೋರುವ ಕಂಪ್ಯೂಟರುಗಳು ಸತ್ತವು! ಇಂಧನದ ಟ್ಯಾಂಕರ್ ವಿಮಾನಗಳ ಬೆನ್ನು ಹಿಡಿದು ಹವಾಯಿಗೆ ಮರಳಿದರು. ವರುಣ್ ಸಿಂಗ್ ಪಾಡು ಬೇರೆ. ಯಾರ ಬೆನ್ನು ಹಿಡಿದರೂ ಅವರ ವಿಮಾನ ನೆಟ್ಟಗಾಗುತ್ತಿರಲಿಲ್ಲ.

ಮೂಗು ಮೇಲೆ, ಮೂಗು ಕೆಳಗೆ, ಮತ್ತೆ ಮೇಲೆ. ಗುರುತ್ವದ ಹೊಡೆತ ವಿಮಾನ ತಡೆಯಬಲ್ಲ ಕೊನೆಯ ಅಂಚಿಗೆ ಮುಟ್ಟಿತು. 8 ಜಿ ಎಂದರೆ ಗುರುತ್ವದ ಎಂಟು ಪಟ್ಟು; 70 ಕಿಲೋದ ಮೈ 560 ಕಿಲೋ! ಎತ್ತರ ಸರಸರನೆ ಕರಗುತ್ತಿದೆ. ಹೇಗೋ ಹತೋಟಿಗೆ ತಂದರು. ಸುಮಾರು 10,000 ಅಡಿ. ಉಸಿರು ಬಿಡುವಷ್ಟರಲ್ಲಿ ವಿಮಾನ ಮತ್ತೆ ಹುಚ್ಚೆದ್ದಿತು. 10,000 ಅಡಿ ದೊಡ್ಡದಾಗಿ ಕೇಳುತ್ತದೆ, ಮೂರೇ ಕಿಲೋಮೀಟರ್. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗಲು ಬಸ್ಸಿಗೆ ತಾಸು ಬೇಕು; ಗಂಟೆಗೆ 900 ಕಿಲೋಮೀಟರ್ ಓಡುವ ಜೆಟ್‌ಗೆ ನಾಲ್ಕು ನಿಮಿಷ ಸಾಕು. ಅಂಥ ವೇಗಕ್ಕೆ ಮೂರು ಕಿಲೋಮೀಟರ್ ಯಾವ ಲೆಕ್ಕ?

ಸೀಟಿನ ಹಿಡಿ ಎಳೆದು ಹೊರಗೆ ಚಿಮ್ಮಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಎಳೆಯಲಿಲ್ಲ. ಎರಡನೆಯ ಸಲವೂ ಪಳಗಿಸಿ ರನ್‌ವೇಗೆ ಇಳಿಸಿದರು.

ನನ್ನ ಮಟ್ಟಿಗೆ ಸಾಹಸದ ತಿರುಳು ಇಲ್ಲಿದೆ. ನೆಲಕ್ಕಪ್ಪಳಿಸಿದ್ದರೆ ದೋಷದ ಸುಳಿವೂ ಚೂರಾಗುತ್ತಿತ್ತು. ವಿಮಾನ ಇಡಿಯಾಗಿ ಸಿಕ್ಕಿದ್ದರಿಂದ ತಪ್ಪನ್ನು ನಿಖರವಾಗಿ ಹುಡುಕಿ, ಅದು ಮರುಕಳಿಸದಂತೆ ಕ್ರಮ ಕೈಗೊಳ್ಳಲು ಆಯಿತು. 2021ರ ಆಗಸ್ಟಿನಲ್ಲಿ ಅವರಿಗೆ ಶೌರ್ಯ ಚಕ್ರ. ಅದೇ ವರ್ಷ ಡಿಸೆಂಬರ್ 8ರಂದು ತಮಿಳುನಾಡಿನ ಕೂನೂರಿನ ಬಳಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಜತೆ ಅವರಿದ್ದ ಹೆಲಿಕಾಪ್ಟರ್ ಬಿತ್ತು. ಬದುಕುಳಿದವರು ಅವರೊಬ್ಬರೇ, ಒಂದು ವಾರ ಹೋರಾಡಿ 15ರಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ತೀರಿಕೊಂಡರು.