ಅಕಿಹಬಾರಾದ ಆಟದ ಮಹಡಿ

ಟೋಕಿಯೋದ ಅಕಿಹಬಾರಾ ಮಹಾಯುದ್ಧ ಮುಗಿದ ಮೇಲೆ ರೇಡಿಯೋ ಬಿಡಿಭಾಗಗಳ ಸಂತೆಯಾಗಿ ಬೆಳೆದ ಪೇಟೆ. ಈಗ ಅಲ್ಲಿ ಮಹಡಿಯ ಮೇಲೆ ಮಹಡಿ ಆಟದ ಯಂತ್ರಗಳು. ಜಪಾನಿನವರು ಇಂಥ ಜಾಗವನ್ನು ‘ಗೇಮ್ ಸೆಂಟರ್’ ಎನ್ನುತ್ತಾರೆ. ಒಳಗೆ ಕಾಲಿಟ್ಟರೆ ಜಾತ್ರೆಯ ಗದ್ದಲ. ಪಕ್ಕದಲ್ಲಿದ್ದವರ ಮಾತೂ ಕೇಳಿಸದು.

2016ರಲ್ಲಿ ಮಗಳ ಮನೆಗೆ ಹೋಗಿದ್ದಾಗ ಹತ್ತು ವರ್ಷದ ಮೊಮ್ಮಗ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ. ಅವನಿಗೆ ಬೇಕಿದ್ದುದು ‘ಪೊಕ್ಕೆನ್ ಟೂರ್ನಮೆಂಟ್’. 2015ರ ಜುಲೈನಲ್ಲಿ ಜಪಾನಿನ ಗೇಮ್ ಸೆಂಟರ್‌ಗಳಿಗೆ ಬಂದ ಕಾಳಗದ ಆಟ ಅದು. ಪೊಕೆಮಾನ್ ಪ್ರಾಣಿಗಳೇ ಇಲ್ಲಿ ಜಟ್ಟಿಗಳು. ಹಳದಿ ಪಿಕಾಚು ನಮ್ಮ ಮಕ್ಕಳಿಗೂ ಗೊತ್ತಲ್ಲ! ಅದು ಮಿಂಚು ಹೊಡೆಯುತ್ತೆ. ನಾಲ್ಕು ತೋಳಿನ ಮಚಾಂಪ್ ಹಿಡಿದೆತ್ತಿ ಕುಕ್ಕುತ್ತೆ. ರಕ್ತಗಿಕ್ತ ಏನೂ ಇಲ್ಲ, ಸದ್ಯ.

ಒಂದು ನಾಣ್ಯ 100 ಯೆನ್, ಆಗಿನ ಲೆಕ್ಕದಲ್ಲಿ 60 ರೂಪಾಯಿಯ ಆಸುಪಾಸು. ಸಾವಿರದ ನೋಟು ನುಂಗಿ ಹತ್ತು ನಾಣ್ಯ ಉಗುಳುವ ಯಂತ್ರವನ್ನೂ ಹತ್ತಿರದಲ್ಲೇ ಇಟ್ಟಿದ್ದಾರೆ, ಜಾಣರು! ಮೂರೇ ನಾಣ್ಯ ಅಂತ ಮೊದಲೇ ಕರಾರು ಮಾಡಿಕೊಂಡೆ.

ಆಟದ ಗುಟ್ಟನ್ನು ಅವನೇ ಹೇಳಿಕೊಟ್ಟ. ಹೊಡೆತದ ಮುಂದೆ ಹಿಡಿತ ನಡೆಯದು, ಹಿಡಿತದ ಮುಂದೆ ತಿರುಗೇಟು ನಡೆಯದು, ತಿರುಗೇಟಿನ ಮುಂದೆ ಹೊಡೆತ ನಡೆಯದು. ಹಾಗಾಗಿ ಎದುರಾಳಿಯ ಮನಸ್ಸು ಓದಬೇಕು. ಆದರೆ ಮುಖವೇ ಕಾಣದಲ್ಲ! ಒಬ್ಬೊಬ್ಬರಿಗೆ ಒಂದೊಂದು ಪರದೆ. ನಾವು ಹೋದ ಕಡೆ ಎದುರಾಳಿ ಕೂರುತ್ತಿದ್ದುದು ಯಂತ್ರದ ಆ ಬದಿ. ಹಳೆಯ ಯಂತ್ರಗಳ ಹಾಗೆ ಅಲ್ಲಾಡಿಸುವ ಕೋಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಆಡುವ ಗುಂಡಿಗಳು.

ಎರಡು ನಾಣ್ಯ ಹೋಯಿತು. ಹುಡುಗನ ಕಣ್ಣಲ್ಲಿ ನೀರು. ಯಾವ ದಾಂಡಿಗನಪ್ಪಾ ಅಂತ ಆ ಬದಿಗೆ ಹೋಗಿ ನೋಡಿದರೆ, ಕಚೇರಿಯ ಕೋಟು ತೊಟ್ಟ ನಡುವಯಸ್ಸಿನ ಹೆಂಗಸು! ಕಾಲ ಬಳಿ ತರಕಾರಿ ಚೀಲ, ಅದರಿಂದ ಈರುಳ್ಳಿ ಸೊಪ್ಪು ಇಣುಕುತ್ತಿದೆ. ನನ್ನನ್ನು ಕಂಡು ತಲೆಬಾಗಿದಳು. ಇನ್ನು ಮಗು ಅಂತ ಸೋತುಕೊಡುತ್ತಾಳೆ ಅಂದುಕೊಂಡೆ. ಮೂರನೆಯದರಲ್ಲೂ ಬಿಡಲಿಲ್ಲ, ಪುಣ್ಯಾತ್ಗಿತ್ತಿ. ಹೊರಡುವಾಗ ಮಾತ್ರ ಅವನ ಪಕ್ಕ ಬಂದು ಕೂತು, ಗುಂಡಿ ಒತ್ತುವ ಒಂದು ವರಸೆಯನ್ನು ನಿಧಾನವಾಗಿ ಎರಡೆರಡು ಸಲ ತೋರಿಸಿಕೊಟ್ಟಳು. ರೈಲಿನಲ್ಲಿ ಮನೆಯವರೆಗೂ ಅವನ ಹೆಬ್ಬೆರಳು ಅದನ್ನೇ ಒತ್ತುತ್ತಿತ್ತು.

ಮನೆಯಲ್ಲಿ ಆಡುವ ಪೊಕ್ಕೆನ್ 2016ರ ಮಾರ್ಚ್‌ನಲ್ಲೇ ಬಂದಿತ್ತು. 2017ರಲ್ಲಿ ನಿಂಟೆಂಡೊ ಸ್ವಿಚ್‌ಗೂ ಬಂತು. ಅಕಿಹಬಾರಾದ ಹೆಸರುವಾಸಿ ಗೇಮ್ ಸೆಂಟರ್, ಸೆಗಾದ ಎರಡನೇ ಕಟ್ಟಡ, ಕೊರೋನಾ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ, ಬಾಗಿಲು ಹಾಕಿತು. ಮೊಮ್ಮಗ ಈಗ ಕಾಲೇಜು ಹುಡುಗ, ಕೋಣೆಯಲ್ಲೇ ಕೂತು ಆಡುತ್ತಾನೆ. ಆ ಕಡೆ ಯಾರೋ ಅಂತ ಕೇಳಿದರೆ, “ಗೊತ್ತಿಲ್ಲ ಅಜ್ಜಿ” ಅನ್ನುತ್ತಾನೆ.